ಚಳ್ಳಕೆರೆ ಕಡೆ ರೈತ ತರಬೇತಿ ಸರ್ವೆ: ಕಣಕ್ಕೇ ಬಂದು ಕೇಳಿದ್ದು ಇಷ್ಟವಾಯ್ತು (5ಕ್ಕೆ 4)

ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮಳೆ ನಂಬಿಕೊಂಡು ಶೇಂಗಾ ಬಿತ್ತುವವರೇ ಜಾಸ್ತಿ, ಬೋರ್ ಇದ್ದವರು ಈರುಳ್ಳಿ ಹಾಕುತ್ತಾರೆ. ಈ ಸಲ ಸುಗ್ಗಿ ಹೊತ್ತಿಗೆ ಒಂದು ಸಂಸ್ಥೆಯ ಇಬ್ಬರು ಬಂದು, ಇಲ್ಲಿನ ರೈತರಿಗೆ ಯಾವ ತರಬೇತಿ ಬೇಕು ಅಂತ ಮೂರು ದಿನ ಸರ್ವೆ ಮಾಡಿದರು. ನಿಮ್ಮೂರಿಗೂ ಇಂಥವರು ಬರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ದಿನ ನನಗೆ ಬೇಸರವೇ ಆಯಿತು. ಕಟ್ಟೆ ಮೇಲೆ ಕೂರಿಸಿ ನಾಲ್ಕು ಪುಟದ ಫಾರಂ ಕೊಟ್ಟರು. ‘ಪೋಷಕಾಂಶ ನಿರ್ವಹಣೆಯಲ್ಲಿ ನಿಮ್ಮ ಜ್ಞಾನದ ಮಟ್ಟ: ಹೆಚ್ಚು, ಮಧ್ಯಮ, ಕಡಿಮೆ’ ಅಂತೆಲ್ಲ ಇತ್ತು. ಅಕ್ಕಪಕ್ಕ ಅಣ್ಣತಮ್ಮಂದಿರು, ದಾಯಾದಿಗಳು ಕೂತಿರುವಾಗ ‘ಕಡಿಮೆ’ಗೆ ಯಾರು ಟಿಕ್ ಹಾಕ್ತಾರೆ ಹೇಳಿ? ಎಲ್ಲರೂ ‘ಮಧ್ಯಮ’. ಯಾವ ತರಬೇತಿ ಬೇಕು ಅಂದಾಗ ಒಬ್ಬರು ಡ್ರೋನ್ ಅಂದರು, ಉಳಿದವರೂ ಅದನ್ನೇ ಬರೆದರು. ಅವತ್ತು ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಎರಡನೇ ದಿನ ಫಾರಂ ಬ್ಯಾಗಿನಲ್ಲೇ ಬಿಟ್ಟು ಕಣಕ್ಕೆ ಬಂದರು. ನಮ್ಮ ಅತ್ತಿಗೆ ಮತ್ತೆ ಕೂಲಿಗೆ ಬಂದಿದ್ದ ನಾಲ್ಕು ಜನ ಗಿಡದಿಂದ ಕಾಯಿ ಬಿಡಿಸುತ್ತಿದ್ದರು. ಸರ್ವೆಗೆ ಬಂದ ಮೇಡಂ ಕಾಯಿ ಬಿಡಿಸುವವರ ಪಕ್ಕ ಕೂತು, ತಾವೂ ಬಿಡಿಸುತ್ತಾ, "ಏನಕ್ಕಾ, ಜೊಳ್ಳು ಜಾಸ್ತಿನಾ?" ಅಂದರು. ಅತ್ತಿಗೆ ಒಂದು ಹಿಡಿ ಕಾಯಿ ತೆಗೆದು ಒಂದೊಂದೇ ಒತ್ತಿ ತೋರಿಸಿದರು. ಹೊರಗೆ ದಪ್ಪ ಸಿಪ್ಪೆ, ಒಳಗೆ ಮುರುಟಿದ ಬೀಜ, ಕೆಲವದರಲ್ಲಿ ಏನೂ ಇಲ್ಲ. "ಮಳೆ ಕೈಕೊಟ್ಟಿತು ಅಂತ ಇವರೆಲ್ಲ ಹೇಳ್ತಾರೆ ಮೇಡಂ. ಮಳೆ ಚೆನ್ನಾಗಿ ಬಂದ ವರ್ಷಾನೂ ಹಿಂಗೇ ಇತ್ತು."

ಆಮೇಲೆ ಮೇಡಂ ನನ್ನ ಕಡೆ ತಿರುಗಿ, ಕ್ಯಾಲ್ಸಿಯಂ ಕೊಡುವ ಜಿಪ್ಸಂ ಪುಡಿ ಬಗ್ಗೆ ಕೇಳಿದರು. ಜಿಪ್ಸಂ ಹಾಕ್ತೀರಾ? ಹಾಕ್ತೀವಿ. ಎಷ್ಟು? ಎಕರೆಗೆ ಒಂದು ಚೀಲ. ಯಾವಾಗ? ಬಿತ್ತನೆ ದಿನ, ಗೊಬ್ಬರದ ಜೊತೆ. ಎಡವಟ್ಟು ಇದ್ದದ್ದೇ ಅಲ್ಲಿ. ಶೇಂಗಾ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬಹುಪಾಲು ಸುತ್ತಲಿನ ಮಣ್ಣಿನಿಂದ ತಾನೇ ಹೀರುತ್ತದೆ, ಗಿಡದ ಬೇರಿನಿಂದ ಅಲ್ಲ. ಹಾಗಾಗಿ ಹೂವಾಗಿ ಸೂಜಿಯಂಥ ಮೊನೆ ಮಣ್ಣಿಗೆ ಇಳಿಯುವ ಹೊತ್ತಿಗೆ, ಅಂದರೆ ಬಿತ್ತಿದ 30-40 ದಿನಕ್ಕೆ, ಎಕರೆಗೆ ಸುಮಾರು 200 ಕೆ.ಜಿ. ಜಿಪ್ಸಂ ಅನ್ನು ನೆಲ ಹಸಿ ಇರುವಾಗ ಗಿಡದ ಬುಡಕ್ಕೆ ಹಾಕಿ ಮಣ್ಣಲ್ಲಿ ಬೆರೆಸಬೇಕು. ಕ್ಯಾಲ್ಸಿಯಂ ಸಾಲದಿದ್ದರೆ ಕಾಯಿ ಜೊಳ್ಳಾಗುತ್ತದೆ.

ಹಿಂದಿನ ದಿನ ಫಾರಂನಲ್ಲಿ ಜಿಪ್ಸಂ ಬಗ್ಗೆ ‘ಗೊತ್ತು’ ಅಂತ ನಾನೇ ಬರೆದಿದ್ದೆ. ಸುಳ್ಳು ಬರೆದಿರಲಿಲ್ಲ, ಗೊತ್ತು ಅಂತಲೇ ಅಂದುಕೊಂಡಿದ್ದೆ. ಗೊತ್ತು ಅಂದುಕೊಂಡ ವಿಷಯಕ್ಕೆ ತರಬೇತಿ ಕೊಡಿ ಅಂತ ಯಾರು ಕೇಳ್ತಾರೆ? ಅದಕ್ಕೇ ಸರ್ವೆಗೆ ಬರುವವರು ಸುಮ್ನೆ ‘ಏನು ಬೇಕು’ ಅಂತ ಕೇಳಿ ಹೋಗಬಾರದು. ಹೇಗೆ ಮಾಡ್ತೀರಿ, ಯಾವಾಗ, ಎಷ್ಟು ಅಂತ ಕೆಲಸ ನಡೆಯುವ ಜಾಗದಲ್ಲೇ ನಿಂತು ಕೇಳಬೇಕು.

ಮೂರನೇ ದಿನ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಕೂರಿಸಿ, ಒಬ್ಬೊಬ್ಬರಿಗೆ 10 ಶೇಂಗಾ ಬೀಜ ಕೊಟ್ಟು, ಯಾವ ಕಷ್ಟ ದೊಡ್ಡದೋ ಅದರ ಮೇಲೆ ಜಾಸ್ತಿ ಬೀಜ ಇಡಿ ಅಂದರು. ಓದು ಬಾರದವರೂ ಆರಾಮಾಗಿ ಇಟ್ಟರು. ಗಂಡಸರದ್ದು ಈರುಳ್ಳಿ ರೋಗಕ್ಕೆ ಹೆಚ್ಚು ಬಿತ್ತು. ಹೆಂಗಸರದ್ದು ಜೊಳ್ಳಿಗೆ ಮತ್ತೆ ಬಿತ್ತನೆ ಬೀಜ ಕೆಡದ ಹಾಗೆ ಇಡುವುದಕ್ಕೆ. ಡ್ರೋನ್ ಮೇಲೆ ಬಿದ್ದದ್ದು ಎರಡೇ ಬೀಜ.

ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಇಷ್ಟೆಲ್ಲ ಕೇಳಿಕೊಂಡು ಹೋದವರು ತರಬೇತಿಯನ್ನು ತಾಲ್ಲೂಕು ಕೇಂದ್ರದಲ್ಲಿ ಬೆಳಿಗ್ಗೆ 10:30ಕ್ಕೆ ಇಟ್ಟಿದ್ದಾರೆ. ಕೂಲಿ ಬಿಟ್ಟು, ಬಸ್ ಹಿಡಿದು ನಮ್ಮ ಹೆಂಗಸರು ಹೋಗುವುದು ಆಗದ ಮಾತು. ಸಂಜೆ 6ರ ಮೇಲೆ ಊರಿನ ಶಾಲೆಯಲ್ಲೇ ಮಾಡಿ ಅಂತ ಫೋನ್ ಮಾಡಿ ಹೇಳಿದ್ದೇವೆ. ನೋಡ್ತೀವಿ ಅಂದಿದ್ದಾರೆ. ಶಾಲೆಗೆ ಬಂದರೆ ಆ ಒಂದು ಸ್ಟಾರ್ ಕೂಡ ಸೇರಿಸುತ್ತೇನೆ.