ಜಿಸಿಸಿಯ ಫಾರ್ಮ್ಯಾಟ್ ತಪಾಸಣೆ: ಬಳಸಿ ನೋಡಿ ಹೇಳ್ತಿದೀನಿ

ಪುಣೆ ಹತ್ತಿರದ ಭೋಸರಿಯ ಒಂದು ಚಿಕ್ಕ ಕಾರ್ಖಾನೆಯಲ್ಲಿ ವಿದ್ಯುತ್ ಮೀಟರ್ ಬೋರ್ಡಿಗೆ ಸಿ ಕೋಡ್ ಬರೆಯೋದು ನನ್ನ ಕೆಲಸ. ಅದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಜಿಸಿಸಿ. ಪ್ರಿಂಟ್ ಸಾಲಿನಲ್ಲಿ ಬರೆದ ಗುರುತಿಗೂ ಕೊಟ್ಟ ಸಂಖ್ಯೆಯ ಬಗೆಗೂ ತಾಳೆ ಇದೆಯಾ ಅಂತ ನೋಡೋದೇ ಅದರ ಫಾರ್ಮ್ಯಾಟ್ ತಪಾಸಣೆ. ಕಳೆದ ವಾರ ಬೋರ್ಡಿನ ತಾಪಮಾನ ನೋಡೋಣ ಅಂತ, ಮೂರು ವರ್ಷದಿಂದ ಆಫ್ ಇದ್ದ ಡೀಬಗ್ ಪ್ರಿಂಟುಗಳನ್ನು (ತಪ್ಪು ಹುಡುಕಲು ಒಳಗಿನ ಅಂಕಿ ತೋರಿಸುವ ಸಾಲುಗಳು) ಆನ್ ಮಾಡಿದೆ. 27 ಎರರ್! ಇಫ್‌ಡೆಫ್ ಅನ್ನೋ ಸೂಚನೆ ಆಫ್ ಇದ್ದಾಗ ತನ್ನೊಳಗಿನ ಸಾಲುಗಳನ್ನು ಮರೆಮಾಡುತ್ತದೆ, ಅಲ್ಲಿ ಮಲಗಿದ್ದ ಸಾಲುಗಳತ್ತ ಕಂಪೈಲರ್ ಅಷ್ಟು ದಿನ ಹೊರಳಿಯೂ ನೋಡಿರಲಿಲ್ಲ. ನಾವು ಎಂದೋ ಕಿತ್ತೆಸೆದ ವೇರಿಯಬಲ್‌ಗಳೆಲ್ಲ ಅಲ್ಲಿ ಇನ್ನೂ ಸಂಸಾರ ಮಾಡ್ತಿದ್ದವು.

ಅದೆಲ್ಲ ಅರ್ಧ ತಾಸಿನ ಕೆಲಸ. ಪೀಡೆಯಾಗಿದ್ದು ಎರರ್ ಕೊಡದ ಒಂದು ಸಾಲು. ತಾಪಮಾನ ಸೆಕೆಂಡಿಗೊಂದು ಡಿಗ್ರಿ ಏರುತ್ತ 140 ದಾಟಿತು. ಬೆರಳಿಟ್ಟರೆ ಚಿಪ್ ತಣ್ಣಗಿದೆ. "ಸೆನ್ಸರ್ ಬದಲಿ ಮಾಡೋಣೇನ್ರೀ ಸರ?" ಅಂದ ನಮ್ಮ ಗದಗಿನ ಹುಡುಗ. ಮಾಡಿದೆವು ಕೂಡ. ಸಂಜೆ ಹೊತ್ತಿಗೆ ಬೆಳಕಾಯಿತು: ಅದೇ ಸಾಲಿನಲ್ಲಿ ಮೊದಲು ಬರುವ ಕೌಂಟರನ್ನು ನಾನೇ 32 ಬಿಟ್‌ನಿಂದ 64ಕ್ಕೆ ಏರಿಸಿದ್ದೆ, ಪ್ರಿಂಟಿನಲ್ಲಿ 32 ಬಿಟ್ ಸಂಖ್ಯೆಯ ಗುರುತಾದ ಪರ್ಸೆಂಟ್ ಡಿ ಹಾಗೇ ಉಳಿದಿತ್ತು. 32 ಬಿಟ್ ಆರ್ಮ್ ಚಿಪ್ಪಿನಲ್ಲಿ 64 ಬಿಟ್ ಸಂಖ್ಯೆ ಎರಡು ಜಾಗ ಹಿಡಿಯುತ್ತದೆ, ಪರ್ಸೆಂಟ್ ಡಿ ಒಂದೊಂದೇ ಜಾಗ ಓದುತ್ತದೆ, ಹಾಗಾಗಿ ಲೆಕ್ಕ ತಪ್ಪಿತ್ತು. ತಾಪಮಾನ ಅಂತ ನಾವು ನೋಡುತ್ತಿದ್ದದ್ದು ಕೌಂಟರನ್ನೇ.

ಸಾಮಾನ್ಯ ಎಚ್ಚರಿಕೆಗಳನ್ನು ಆನ್ ಮಾಡುವ ವಾಲ್ ಫ್ಲ್ಯಾಗ್ (-Wall) ಹಾಕಿದ್ದೂ ಜಿಸಿಸಿ ಯಾಕೆ ಸುಮ್ಮನಿತ್ತು? ಅದು ಸಿ ಭಾಷೆಯದೇ ಆದ ಪ್ರಿಂಟ್‌ಎಫ್ ಬಲ್ಲದು, ನಾವೇ ಬರೆದ ಲಾಗ್ ಫಂಕ್ಷನ್ ಅದಕ್ಕೆ ಅಪರಿಚಿತ. ಡಿಕ್ಲರೇಶನ್‌ಗೆ 'ಇದನ್ನೂ ಪ್ರಿಂಟ್‌ಎಫ್ ಥರಾನೇ ನೋಡು' ಅನ್ನುವ ಫಾರ್ಮ್ಯಾಟ್ ಅಟ್ರಿಬ್ಯೂಟ್ ಅಂಟಿಸಿದ ಕೂಡಲೇ ತಪ್ಪಿದ್ದ ಸಾಲಿಗೆ ಬೊಟ್ಟು ಮಾಡಿ ತೋರಿಸಿತು. ಜೊತೆಗೆ ಇಫ್‌ಡೆಫ್ ತೆಗೆದು ಲಾಗ್ ಮ್ಯಾಕ್ರೊದೊಳಗೆ (ಕರೆದಲ್ಲೆಲ್ಲ ಬಿಡಿಸಿಕೊಳ್ಳುವ ಕೋಡಿನ ಚುಟುಕು ಹೆಸರು) ಮಾಮೂಲಿ ಇಫ್ ಇಟ್ಟೆ. ಡೀಬಗ್ 0 ಇದ್ದರೂ ಕಂಪೈಲರ್ ಸಾಲನ್ನು ಓದುತ್ತದೆ, ತಪ್ಪು ಹಿಡಿಯುತ್ತದೆ, ಆಮೇಲೆ ಬಿಸಾಡುತ್ತದೆ. ಲಿನಕ್ಸ್ ಕರ್ನಲ್‌ನ ನೋ ಪ್ರಿಂಟ್‌ಕೆ ಮ್ಯಾಕ್ರೊದಲ್ಲೂ ಇದೇ ಉಪಾಯ. ನಮ್ಮ ಫ್ಲ್ಯಾಶ್ ಬರೀ 64 ಕೆಬಿ, ಹಾಗಾಗಿ ಅಳುಕಿತ್ತು. ಅಳೆದು ನೋಡಿದೆ, ಒಂದು ಬೈಟೂ ಹೆಚ್ಚಿಲ್ಲ.

ಒಂದು ಕಿರಿಕಿರಿ ಇದ್ದೇ ಇದೆ. ನಮ್ಮ ಟೂಲ್‌ಚೈನ್‌ನಲ್ಲಿ 32 ಬಿಟ್ ಅನ್‌ಸೈನ್ಡ್ ಅಂದರೆ ಅನ್‌ಸೈನ್ಡ್ ಲಾಂಗ್. ಪರ್ಸೆಂಟ್ ಯು ಕೇಳೋದು ಅನ್‌ಸೈನ್ಡ್ ಇಂಟ್, ಹಾಗಾಗಿ ಅದನ್ನು ಬರೆದಲ್ಲೆಲ್ಲ ವಾರ್ನಿಂಗ್ ಸುರಿಯಿತು, ಅಳತೆ ಎರಡೂ ಒಂದೇ ಆದರೂ! ಇಡೀ ಶನಿವಾರ ಅದಕ್ಕೇ ಹೋಯಿತು.

ದುಡ್ಡಿಲ್ಲದೆ ಸಿಗುವ ಸಾಮಾನಿಗೆ ಐದರಲ್ಲಿ ನಾಲ್ಕು ಕೊಡ್ತೀನಿ. ನಿನ್ನೆಯಷ್ಟೇ ಕಣ್ಣಿಗೆ ಬಿತ್ತು, ನಮ್ಮ ಒಂದು ಪ್ರಿಂಟು ಮಿಲಿವೋಲ್ಟಿನ ಅಂಕಿ ತೋರಿಸಿ ಮುಂದೆ "ವೋಲ್ಟ್" ಅಂತ ಬರೀತಿದೆ. ಅದಕ್ಕೆ ಜಿಸಿಸಿ ಚಕಾರ ಎತ್ತಿಲ್ಲ.