ದಪ್ಪ ಅಲ್ಯೂಮಿನಾ ಪೀಸು ಫರ್ನೇಸ್‌ಗೆ ಇಡೋ ಮುಂಚೆ ಇದನ್ನ ಓದ್ಬಿಡಿ

ಪೀಣ್ಯದಲ್ಲಿ ನಮ್ದೊಂದು ಸಣ್ಣ ಶೆಡ್ಡು, ಅಲ್ಯೂಮಿನಾ ಅನ್ನೋ ಸೆರಾಮಿಕ್ ಪೌಡರ್‌ಗೆ ಪ್ಯಾರಾಫಿನ್ ವ್ಯಾಕ್ಸ್ ಕಲಸಿ ಬಿಸಿ ಇದ್ದಾಗಲೇ ಡೈಗೆ (ಅಚ್ಚಿಗೆ) ಒತ್ತಿ ಬುಶ್ (ಕೊಳವೆ ಥರದ ಪೀಸು) ಮಾಡ್ತೀವಿ. ಆಮೇಲೆ ಫರ್ನೇಸಲ್ಲಿ ಮೊದ್ಲು ವ್ಯಾಕ್ಸ್ ಪೂರ್ತಿ ಹೋಗ್ಬೇಕು, ಕೊನೆಗೆ 1600 ಡಿಗ್ರಿಲಿ ಸುಟ್ಟು ಗಟ್ಟಿ ಮಾಡ್ಬೇಕು. ಇಷ್ಟು ದಿನ 3 ಎಂಎಂ ದಪ್ಪದ್ದು, ತೊಂದ್ರೆ ಇರ್ಲಿಲ್ಲ. ಹೋದ ತಿಂಗಳು 12 ಎಂಎಂ ಆರ್ಡರ್ ಬಂತು. ಹೊಸ ಫರ್ನೇಸ್ ಕೊಟ್ಟವ್ರು ನಿಮಿಷಕ್ಕೆ 5 ಡಿಗ್ರಿ ಬಿಸಿ ಏರೋ ಪ್ರೋಗ್ರಾಂ ಒಂದು ತುಂಬ್ಕೊಟ್ಟಿದ್ರು, "ಎಲ್ಲಾ ಸೆರಾಮಿಕ್‌ಗೂ ನಡಿಯುತ್ತೆ ಸಾರ್, ಕಣ್ಮುಚ್ಕೊಂಡು ಸ್ಟಾರ್ಟ್ ಒತ್ತಿ" ಅಂದಿದ್ರು, ನಾನೂ ಒತ್ತಿದೆ.

ಲೆಕ್ಕ ಹಾಕಿದ್ದು ಆಮೇಲೆ. 20 ಕೆಜಿ ಪೀಸು, ನೂರಕ್ಕೆ 13 ವ್ಯಾಕ್ಸು, ಅಂದ್ರೆ ಎರಡೂವರೆ ಕೆಜಿ ಮೇಲೆ ವ್ಯಾಕ್ಸು ಮುಚ್ಚಿದ ಪೆಟ್ಟಿಗೆ ಒಳಗೆ ಹೊಗೆ ಆಗ್ಬೇಕು. ಸಾಲದ್ದಕ್ಕೆ ಹಿಂದಿನ ಹೊಗೆ ತೂತಿಗೆ ನಮ್ ಹುಡ್ಗ ಕರೆಂಟ್ ಬಿಲ್ ಉಳೀಲಿ ಅಂತ ಸೆರಾಮಿಕ್ ವುಲ್ (ಬಿಸಿ ತಡೆಯೋ ಹತ್ತಿ ಥರದ್ದು) ತುರುಕಿದ್ದ! ಬಿಸಿ 280 ಡಿಗ್ರಿ ಹತ್ರ ಬಂದಾಗ, ಮೇಣದಬತ್ತಿ ಆರಿಸಿದ್ರೆ ಬರುತ್ತಲ್ಲ ಆ ವಾಸ್ನೆ ಶೆಡ್ ತುಂಬಾ, ಬಾಗಿಲ ಸಂದೀಲಿ ಬಿಳಿ ಹೊಗೆ, ಏನಾಯ್ತು ನೋಡಣ ಅಂತ ದಡ್ಡನ ಥರ ಬಾಗಿಲು ಎಳೆದೆ, ಗಾಳಿ ಒಳಗೆ ಹೋಗಿದ್ದೇ ತಡ ಭಗ್ ಅಂತ ಬೆಂಕಿ. ಹುಬ್ಬು ಹೋಯ್ತು, ಕಣ್ಣು ಉಳಿದಿದ್ದು ಕನ್ನಡಕದಿಂದ. ಹೊಗೆ ಬರ್ತಿದ್ರೆ ಬಾಗಿಲು ಮುಟ್ಲೇಬೇಡಿ, ಮೇನ್ ಆಫ್ ಮಾಡಿ ಹೊರಗೆ ಹೋಗಿ ನಿಂತ್ಕೊಳ್ಳಿ.

ಪೀಸ್‌ಗಳು ಕೆಲವು ಹಪ್ಪಳದ ಥರ ಗುಳ್ಳೆ ಎದ್ದಿದ್ವು, ಕೆಲವು ಉದ್ದಕ್ಕೆ ಸೀಳಿದ್ವು. ಒಂದು ಚೆನ್ನಾಗೇ ಕಾಣ್ತಿತ್ತು, ಒಡೆದು ನೋಡಿದ್ರೆ ಹೊರಗಡೆ ಬೆರಳಿಗೆ ಉದುರೋ ಪುಡಿ, ನಡುವೆ ಮಾತ್ರ ಉಗುರು ಇಳಿಯೋ ಹಂಗೆ ಇನ್ನೂ ಜಿಡ್ಡು. ಒಳಗಿನ ವ್ಯಾಕ್ಸ್‌ಗೆ ಹೊರಗೆ ಬರೋಕೆ ದಾರಿನೇ ಆಗಿಲ್ಲ, ಅಷ್ಟರಲ್ಲಿ ಅಲ್ಲೇ ಆವಿ ಆಗಿ ಉಬ್ಬಿದೆ. ದಪ್ಪ ನಾಲ್ಕು ಪಟ್ಟಾದ್ರೆ ಟೈಮೂ ನಾಲ್ಕು ಪಟ್ಟು ಸಾಕು ಅಂದ್ಕೊಬೇಡಿ, ಹದಿನಾರರ ಹತ್ರ ಹೋಗುತ್ತೆ.

ಈಗ ಪೀಸ್‌ಗಳನ್ನ ಒಣ ಅಲ್ಯೂಮಿನಾ ಪುಡೀಲಿ ಹೂತಿಡ್ತೀನಿ, ಕರಗಿದ ವ್ಯಾಕ್ಸನ್ನ ಪುಡಿ ಬತ್ತಿ ಥರ ಎಳ್ಕೊಳ್ಳುತ್ತೆ. ತೂತು ತೆಗ್ದಿಟ್ಟು 400 ತನಕ ಗಂಟೆಗೆ 10 ಡಿಗ್ರಿ, ನಿಮಿಷಕ್ಕಲ್ಲ ಗಂಟೆಗೆ, ಆಮೇಲೆ 1000ಕ್ಕೆ ಹೋಗಿ, ತಣ್ಣಗಾದ್ಮೇಲೆ ಬ್ರಶ್ಶಲ್ಲಿ ಪುಡಿ ಉದುರಿಸಿ ತೂಕ ಹಾಕ್ತೀನಿ, ನೂರಕ್ಕೆ 13 ಪೂರ್ತಿ ಕಮ್ಮಿ ಆಗಿಲ್ಲ ಅಂದ್ರೆ 1600ಕ್ಕೆ ಇಡಲ್ಲ. ಎರಡು ರಾತ್ರಿ ಹಿಡಿಯುತ್ತೆ, ಕಸ್ಟಮರ್ ಬೈತಾರೆ, ಬೈಲಿ.

ಫರ್ನೇಸ್‌ನವ್ರಿಗೆ ಫೋನ್ ಮಾಡಿದ್ರೆ "ವಾರಂಟಿಲಿ ಬರಲ್ಲ ಸಾರ್". ನಿಮ್ಮ ಕಂಟ್ರೋಲರ್‌ನಲ್ಲೂ ಪ್ರೋಗ್ರಾಂ ನಂಬರ್ 1 ಇದೇ ನಿಮಿಷಕ್ಕೆ 5 ಡಿಗ್ರಿದು ಇರ್ಬಹುದು, ಇವತ್ತೇ ತೆಗೆದು ನೋಡ್ಕೊಳ್ಳಿ.