ಎಡಗಾಲಿಗೆ ತೆರೆದ ಆಪರೇಷನ್, ಬಲಗಾಲಿಗೆ ಕೀಹೋಲ್: ನನ್ನ ಎರಡು ಪಾದಗಳ ಹೋಲಿಕೆ

ಬೆರಳುಗಳ ಬುಡದಲ್ಲಿ ಗೋಲಿಯೊಂದು ಸಿಕ್ಕಿಕೊಂಡಂತಹ ನೋವು. ತುಮಕೂರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ನಿಂತು ಪಾಠ ಹೇಳಿದ ಎರಡೂ ಪಾದಗಳಿಗೆ ಬಂದದ್ದು ಇದೇ. ಮೆಟಾಟಾರ್ಸಲ್ ಮೂಳೆಗಳ, ಅಂದರೆ ಬೆರಳುಗಳ ಹಿಂದಿರುವ ಪಾದದ ಉದ್ದ ಮೂಳೆಗಳ, ತುದಿಯ ಮೇಲೆ ಭಾರ ಹೆಚ್ಚಿ, ಅಂಗಾಲಿನಲ್ಲಿ ಆಣಿ ಕಟ್ಟಿತ್ತು. ಮುಂಭಾಗ ಅಗಲವಿರುವ ಚಪ್ಪಲಿ, ಬೆರಳ ಬುಡಕ್ಕಿಂತ ಕೊಂಚ ಹಿಂದೆ ಕೂರುವ ಪ್ಯಾಡ್, ಮೀನಖಂಡದ ವ್ಯಾಯಾಮ ಎಲ್ಲವನ್ನೂ ಎಂಟು ತಿಂಗಳು ಮಾಡಿದೆ. ಇವನ್ನು ಬಿಟ್ಟು ಯಾರೂ ನೇರವಾಗಿ ಆಪರೇಷನ್‌ಗೆ ಹೋಗಬಾರದು. ಬಹಳ ಜನರಿಗೆ ಇಷ್ಟರಲ್ಲೇ ವಾಸಿಯಾಗುತ್ತದೆ. ನನಗೆ ಆಗಲಿಲ್ಲ.

2019ರಲ್ಲಿ ಎಡಗಾಲಿಗೆ ವೈಲ್ ವಿಧಾನದ ತೆರೆದ ಆಪರೇಷನ್ ಆಯಿತು. ಪಾದದ ಮೇಲ್ಭಾಗದಲ್ಲಿ ಸುಮಾರು ಮೂರು ಸೆಂಟಿಮೀಟರ್ ಸೀಳಿ, ಎರಡನೆಯ ಮೂಳೆಯನ್ನು ಓರೆಯಾಗಿ ಕೊಯ್ದು, ತುದಿಯನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ ಪುಟ್ಟ ಸ್ಕ್ರೂ ಹಾಕಿದರು. ಹಿಮ್ಮಡಿಯ ಮೇಲೆ ಭಾರ ಬೀಳುವ ಶೂ ಆರು ವಾರ. ಊತ ಬೇಗ ಇಳಿಯಿತು, ಆಣಿಯೂ ಹೋಯಿತು. ಆದರೆ ಎರಡನೆಯ ಬೆರಳು ಬಿಗಿದುಕೊಂಡು ನೆಲದಿಂದ ಮೇಲೆದ್ದು ನಿಂತಿತು. ಈ ಆಪರೇಷನ್ನಿನಲ್ಲಿ ಹೀಗಾಗುವುದು ಅಪರೂಪವೇನಲ್ಲ ಎಂದು ಆಮೇಲೆ ತಿಳಿಯಿತು. ಆ ಆಸ್ಪತ್ರೆಯಲ್ಲಿ ಮೊದಲೇ ಒಂದು ಮಾತು ಹೇಳಲಿಲ್ಲವಲ್ಲ ಎಂಬ ಸಂಕಟ ಇಂದಿಗೂ ಇದೆ.

ಬಲಗಾಲಿಗೆ 2022ರಲ್ಲಿ ಬೆಂಗಳೂರಿನ ಬೇರೊಂದು ಆಸ್ಪತ್ರೆಯಲ್ಲಿ ಕೀಹೋಲ್ ಮಾಡಿಸಿದೆ. ಮೂರು ಮಿಲಿಮೀಟರ್‌ನ ಮೂರು ರಂಧ್ರಗಳು, ಅಷ್ಟೆ. ಒಳಗೆ ಹೋಗುವ ಸಾಧನ ಹಲ್ಲಿನ ಡಾಕ್ಟರರ ಡ್ರಿಲ್‌ನ ಜಾತಿಯದು, ಆದರೆ ನಿಧಾನವಾಗಿ ತಿರುಗುತ್ತದೆ. ಬಿಸಿಯೇರಿ ಚರ್ಮ, ಮೂಳೆ ಸುಡದಂತೆ ಸಲೈನ್ ಹಾಯಿಸುತ್ತಾರೆ. ಮೂಳೆ ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇ ಪರದೆ ನೋಡಿಕೊಂಡೇ ಕೊಯ್ಯಬೇಕು. ಎರಡು, ಮೂರು, ನಾಲ್ಕನೆಯ ಮೂಳೆಗಳನ್ನು ಒಟ್ಟಿಗೇ ಕೊಯ್ದರು, ಒಂದರ ಭಾರ ಪಕ್ಕದ್ದರ ಮೇಲೆ ಬೀಳದಿರಲೆಂದು. ಸ್ಕ್ರೂ ಇಲ್ಲ. ಅಂದೇ ಗಟ್ಟಿ ಅಟ್ಟೆಯ ಶೂ ತೊಡಿಸಿ ನಡೆಸಿದರು. ನಡೆದಾಗ ಬೀಳುವ ಭಾರಕ್ಕೇ ಮೂಳೆಯ ತುದಿಗಳು ತಮ್ಮ ಎತ್ತರ ಹುಡುಕಿಕೊಳ್ಳುತ್ತವೆಯಂತೆ. ಕೊಯ್ದ ಮೂಳೆಯ ಮೇಲೆ ಕಾಲೂರಲು ನನಗೆ ಎದೆ ನಡುಗಿತ್ತು.

ಗಾಯ ಚಿಕ್ಕದಾದರೆ ವಾಸಿಯಾಗುವುದೂ ಬೇಗ ಎಂದು ಭಾವಿಸಿದ್ದೆ. ಅದು ತಪ್ಪು. ರಂಧ್ರಗಳು ಹತ್ತು ದಿನದಲ್ಲಿ ಮುಚ್ಚಿದವು, ಊತ ಮಾತ್ರ ಐದು ತಿಂಗಳು ಬಿಡಲಿಲ್ಲ. ಬಲಗಾಲಿನ ಕಾಲುಂಗುರ ಅಷ್ಟೂ ದಿನ ದೇವರ ಕೋಣೆಯ ಡಬ್ಬಿಯಲ್ಲೇ ಇತ್ತು. ಎಕ್ಸ್‌ರೇಯಲ್ಲಿ ಮೂಳೆ ಕೂಡಿಕೊಂಡದ್ದು ಕಾಣಲೂ ಎಡಗಾಲಿಗಿಂತ ತಡವಾಯಿತು. ಅಮಾನಿಕೆರೆಯ ಸುತ್ತ ನಡೆಯಲು ಎಡಗಾಲು ಮೂರನೆಯ ತಿಂಗಳಿಗೇ ಒಪ್ಪಿತ್ತು. ಬಲಗಾಲಿಗೆ ಆರು ಬೇಕಾಯಿತು.

ಹಾಗಿದ್ದೂ ಬಲಗಾಲಿನದೇ ಮೇಲು ಎನ್ನುತ್ತೇನೆ. ಒಂದು ವರ್ಷದ ನಂತರ ಡಾಕ್ಟರ್ ನನ್ನನ್ನು ನಿಲ್ಲಿಸಿ, ಎರಡನೆಯ ಬೆರಳಿನ ಅಡಿಗೆ ಕಾಗದದ ಪಟ್ಟಿಯೊಂದನ್ನು ಸೇರಿಸಿ, ಬೆರಳಿನಿಂದ ಒತ್ತಿ ಹಿಡಿಯಲು ಹೇಳಿ ಎಳೆದರು. ಎಡಗಾಲಿನಿಂದ ಅದು ಸಲೀಸಾಗಿ ಜಾರಿ ಬಂತು. ಬಲಗಾಲು ಹಿಡಿದುಕೊಂಡಿತು, ಕಾಗದ ಹರಿಯಿತು. ಮನೆಯೊಳಗೆ ಬರಿಗಾಲಲ್ಲಿ ಓಡಾಡುವ, ತುದಿಗಾಲಲ್ಲಿ ಕುಕ್ಕರಗಾಲು ಹಾಕಿ ರಂಗೋಲಿ ಬಿಡುವ ನಮ್ಮಂಥವರಿಗೆ ಬೆರಳು ಮಡಿಯುವುದು ದಿನನಿತ್ಯದ ಅಗತ್ಯ.

ಬೆರಳಿನ ಕೀಲೇ ತಪ್ಪಿಹೋಗಿದ್ದರೆ ತೆರೆದ ಆಪರೇಷನ್ ಬೇಕಾಗಬಹುದು, ಆಗ ಕೀಹೋಲ್‌ಗೆ ಹಟ ಹಿಡಿಯಬೇಡಿ. ಕೀಹೋಲ್ ಕೈಚಳಕ ಬರಲು ಬಹಳ ಅಭ್ಯಾಸ ಬೇಕು. ಇಂಥವನ್ನು ಎಷ್ಟು ಮಾಡಿದ್ದೀರಿ ಎಂದು ನಾನು ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿದೆ, ಅವರೂ ಬೇಸರಿಸದೆ ಉತ್ತರಿಸಿದರು.